ಮ್ಯಾಥ್ಸ್ ಮಿಸ್ ದೇವರೊಡನೆ ಆಡಿದ ಜಗಳ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಕಲಿಸುವ ವಿಷಯವೇ ಹೆಸರು. ನಾನು ಕನ್ನಡ ಮಿಸ್, ಅವರು ಮ್ಯಾಥ್ಸ್ ಮಿಸ್. ವರ್ಷಗಟ್ಟಲೆ ಒಂದೇ ಮೇಜಿನ ಎದುರುಬದುರು ಕೂತು ಉತ್ತರಪತ್ರಿಕೆ ತಿದ್ದಿದರೂ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ನಾನೂ ಕರೆದಿಲ್ಲ. ಹೋದ ತಿಂಗಳು ಅವರು ತೀರಿಕೊಂಡಾಗ ಚರ್ಚಿನ ಬಾಗಿಲಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವರ ಪೂರ್ತಿ ಹೆಸರು ಓದಿ, ಇದು ಯಾರಪ್ಪಾ ಅಂತ ಒಂದು ಕ್ಷಣ ತಬ್ಬಿಬ್ಬಾದೆ. ಹಾಗಾಗಿ ಇಲ್ಲೂ ಹೆಸರು ಬರೆಯುವುದಿಲ್ಲ.

ಅಂದಿನ ಸ್ಮರಣೆ ಕೂಟದಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ನನಗಿಂತ ಮುಂಚೆ ಮೈಕ್ ಹಿಡಿದವರೆಲ್ಲ ಅವರನ್ನು 'ಅಚಲ ವಿಶ್ವಾಸದ ಮಹಿಳೆ' ಎಂದರು. ನನಗೆ ಅಳುವಿನ ಮಧ್ಯೆಯೂ ನಗು ಬಂತು. ಅಚಲವಂತೆ! ಆ ವಿಶ್ವಾಸ ಬುಡಸಮೇತ ಅಲ್ಲಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಬಿಳಿ ಸೀರೆ ಉಟ್ಟು ಕೂತಿದ್ದ ಅಷ್ಟು ಜನರ ಮುಂದೆ ಅದನ್ನೆಲ್ಲ ಬಿಡಿಸಿ ಹೇಳುವುದಕ್ಕೆ ಆಗಲಿಲ್ಲ. 'ಶಿಸ್ತು, ಸಮಯಪಾಲನೆ' ಅಂತ ಏನೋ ಹೇಳಿ ಕೆಳಗಿಳಿದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಳು ಕುಳ್ಳಗೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಎಡಗೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ನಡಿಗೆ ಎಂದರೆ ಓಟವೇ. ಅವರು ಕಾರಿಡಾರಿನಲ್ಲಿ ಬರುತ್ತಿದ್ದಾರೆಂದರೆ ಒಂಬತ್ತನೇ ಕ್ಲಾಸಿನ ತರಲೆಗಳೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದವು. ಅವರ ಒಂದು ಕಾನೂನು ಇಡೀ ಜಯನಗರಕ್ಕೆ ಗೊತ್ತಿತ್ತು. ಉತ್ತರ ತಪ್ಪಿದ್ದರೂ ಸ್ಟೆಪ್ಸ್ ಸರಿಯಿದ್ದರೆ ಮಾರ್ಕ್ಸ್ ಉಂಟು. ಉತ್ತರ ಸರಿಯಿದ್ದು ಸ್ಟೆಪ್ಸ್ ಇಲ್ಲದಿದ್ದರೆ ಸೊನ್ನೆ. ಒಮ್ಮೆ ಒಬ್ಬ ಹುಡುಗನ ತಂದೆ ಪೇಪರು ಹಿಡಿದುಕೊಂಡು ಸೀದಾ ಸ್ಟಾಫ್ ರೂಮಿಗೇ ನುಗ್ಗಿದರು.

"ಆನ್ಸರ್ ಕರೆಕ್ಟಾಗೇ ಇದೆಯಲ್ಲಾ ಮೇಡಂ?"

"ಇದೆ ಸಾರ್. ಅದು ಹೇಗೆ ಬಂತು ಅಂತ ನಿಮ್ಮ ಮಗನ್ನ ಕೇಳಿ. ಪಕ್ಕದ ಬೆಂಚಿಂದ ಬಂತು ಅಂತ ಹೇಳಿದ್ರೂ ಅರ್ಧ ಮಾರ್ಕ್ಸ್ ಕೊಡ್ತೀನಿ, ನಿಜ ಹೇಳಿದ್ದಕ್ಕೆ."

ಆ ಮನುಷ್ಯ ಮತ್ತೆ ಬರಲಿಲ್ಲ.

ಕ್ರೈಸ್ತ ಗೆಳತಿ ಎಂದ ಕೂಡಲೇ ನೀವು ಕ್ರಿಸ್‌ಮಸ್ ಕೇಕನ್ನು ನೆನಸಿಕೊಳ್ಳುತ್ತೀರಿ. ಈಕೆ ನನಗೆ ಒಂದು ತುಂಡು ಕೇಕು ಕೊಟ್ಟವರಲ್ಲ, ಮಾಡಲು ಬರುತ್ತಲೂ ಇರಲಿಲ್ಲ. ತುಮಕೂರು ಕಡೆಯವರು, ಅವರ ಕೈಯ ಹುರುಳಿಕಾಳಿನ ಬಸ್ಸಾರು ಮಾತ್ರ ನನ್ನ ಬಸವನಗುಡಿಯ ಅತ್ತೆಯನ್ನೂ ಸೋಲಿಸುವಂಥದ್ದು. ಸೋಮವಾರ ಅವರು ಮಾಂಸದ ಸಾರು ತರುತ್ತಿರಲಿಲ್ಲ. ಮಾಂಸ ತಿನ್ನದ ನನಗೋಸ್ಕರ ಅಂತ ಬಹಳ ವರ್ಷ ಉಬ್ಬಿಹೋಗಿದ್ದೆ. ಕೊನೆಗೊಂದು ದಿನ ಕೇಳಿದರೆ, "ಅಯ್ಯೋ, ಭಾನುವಾರದ್ದು ಉಳಿದ್ರೆ ತಾನೇ ತರೋದು" ಅಂದರು. ಊಟಕ್ಕೆ ಮುಂಚೆ ಡಬ್ಬಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುವರು. ನಾನು ಅಷ್ಟರೊಳಗೆ ಅವರ ಸಾರಿಗೆ ಚಮಚ ಹಾಕಲು ನೋಡಿದರೆ, ಮುಚ್ಚಿದ ಕಣ್ಣು ಮುಚ್ಚಿದ ಹಾಗೇ ನನ್ನ ಕೈಗೆ ಪಟ್ಟನೆ ಒಂದು ಏಟು ಬೀಳುತ್ತಿತ್ತು.

ಪ್ರಾರ್ಥನೆ ಎಂದರೆ ಅಷ್ಟೇ, ಬಾಯಿಬಿಟ್ಟು ಏನೂ ಇಲ್ಲ. ಗಿರಿನಗರದ ಅವರ ಮನೆಯಲ್ಲಿ ಚರ್ಚಿನವರು ಸೇರುವ ಗೃಹಪ್ರಾರ್ಥನೆಗೆ ಒಮ್ಮೆ ನನ್ನನ್ನೂ ಕರೆದಿದ್ದರು. ಸುತ್ತ ಕೂತವರು ಒಬ್ಬೊಬ್ಬರಾಗಿ ಜೋರಾಗಿ, ದೀರ್ಘವಾಗಿ ಪ್ರಾರ್ಥಿಸಿದರು. ಇವರ ಸರದಿ ಬಂದಾಗ, "ಕರ್ತನೇ, ನಿನಗೆ ಗೊತ್ತು. ಆಮೆನ್" ಅಂದು ಕಾಫಿ ಬೆರೆಸಲು ಎದ್ದುಹೋದರು. ದೊಡ್ಡ ಪ್ರಾರ್ಥನೆಯನ್ನೆಲ್ಲ ಗಂಡನಿಗೆ ಬಿಟ್ಟಿದ್ದರು. ಅವರ ಯಜಮಾನರು ಫ್ಯಾಕ್ಟರಿಯಿಂದ ನಿವೃತ್ತರಾದವರು, ಎತ್ತರದ ಆಳು, ಬಾಯಿತುಂಬ ಮಾತು. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಬನ್ನಿ ಬನ್ನಿ" ಎನ್ನುವುದು ಅವರ ಕೆಲಸ. ಊಟದ ಮುಂದೆ ಅವರು ಪ್ರಾರ್ಥನೆಗೆ ನಿಂತರೆ ಬಿಸಿ ಮುದ್ದೆ ತಣ್ಣಗಾಗುತ್ತಿತ್ತು. ಮಕ್ಕಳಿಲ್ಲದ ಆ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಿಕೊಂಡೇ ಸಂಸಾರ ಮಾಡಿದರು.

ಚರ್ಚಿನಲ್ಲಿ ಜನ ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರ ಹೇಳುವುದುಂಟು. ಅದಕ್ಕೆ ಸಾಕ್ಷಿ ಅನ್ನುತ್ತಾರೆ. ಮ್ಯಾಥ್ಸ್ ಮಿಸ್‌ಗೆ ಅದರ ಮೇಲೆ ಒಂದು ತಕರಾರಿತ್ತು. ಬನಶಂಕರಿಯವರೆಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದಾಗ ಹೇಳುವರು: "ಕಾಯಿಲೆ ಬಂತು, ಪ್ರಾರ್ಥನೆ ಮಾಡಿದ್ವಿ, ವಾಸಿ ಆಯ್ತು ಅಂತಾರೆ. ಮಧ್ಯದಲ್ಲಿ ಎಷ್ಟು ಹೆದರಿದ್ರಿ, ಎಷ್ಟು ಬೈಕೊಂಡ್ರಿ, ಅದನ್ನ ಯಾರೂ ಹೇಳಲ್ಲ. ಎಲ್ಲಾ ಸ್ಟೆಪ್ಸ್ ಬಿಟ್ಟು ಬರೀ ಆನ್ಸರ್ರು."

"ಸೊನ್ನೆ ಕೊಡ್ತೀರಾ ಅವರಿಗೂ?"

"ಕೊಡೋದು ನಾನಲ್ವಲ್ಲ, ಬಚಾವಾದ್ರು."

ಹೀಗೆ ನಗಾಡಿಕೊಂಡಿದ್ದವರಿಗೆ ಹೊಡೆತ ಬಿತ್ತು. ಅವರ ನಿವೃತ್ತಿ ಹತ್ತಿರ ಬಂದಿದ್ದ ವರ್ಷ ಒಂದು ಬೆಳಿಗ್ಗೆ ಯಜಮಾನರು ಬಚ್ಚಲುಮನೆಯಲ್ಲಿ ಕುಸಿದುಬಿದ್ದರು. ಪಾರ್ಶ್ವವಾಯು. ಬಲಗೈ ಬಲಗಾಲು ಬಿದ್ದುಹೋಯಿತು, ಮಾತೂ ಹೋಯಿತು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವರ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು, 'ಬನ್ನಿ'. ನೀರು ಬೇಕಾದರೂ ಬನ್ನಿ, ನೋವಾದರೂ ಬನ್ನಿ. ಸೂಜಿ ಚುಚ್ಚಲು ಬಂದ ನರ್ಸನ್ನು ಕೆಂಗಣ್ಣಿನಿಂದ ನೋಡುತ್ತ, ಎಡಗೈಯಿಂದ ತಳ್ಳುತ್ತ, "ಬನ್ನಿ ಬನ್ನಿ" ಅನ್ನುತ್ತಿದ್ದರು. ಕೆಲವರಿಗೆ ಹೀಗೆ ರೂಢಿಯ ಒಂದು ಪದ ಮಾತ್ರ ಉಳಿಯುತ್ತದೆ ಎಂದರು ಡಾಕ್ಟರು. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನಗೆ ಸುಮ್ಮನೆ ಕೂರಲು ಆಗಲಿಲ್ಲ. ನಮ್ಮ ಬಡಾವಣೆಯ ದೇವಸ್ಥಾನಕ್ಕೆ ಹೋಗಿ ಯಜಮಾನರ ಹೆಸರಲ್ಲಿ ಅರ್ಚನೆಗೆ ಕೊಟ್ಟೆ. ಅರ್ಚಕರು ಹೆಸರು ಕೇಳಿ ಒಮ್ಮೆ ನನ್ನನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ವಾಡಿಕೆಯಂತೆ, "ಗೋತ್ರ? ನಕ್ಷತ್ರ?" ಅಂದರು. ನಾನು ಕಕ್ಕಾಬಿಕ್ಕಿ. ಹಿಂದೆ ಸಾಲು ಬೆಳೆಯುತ್ತಿತ್ತು. ತೋಚದೆ ನಮ್ಮ ಮನೆಯದನ್ನೇ ಹೇಳಿಬಿಟ್ಟೆ. ಆಸ್ಪತ್ರೆಗೆ ಹೋಗಿ ಮ್ಯಾಥ್ಸ್ ಮಿಸ್‌ಗೆ ಹೇಳಿದಾಗ, ಮೂಗು ಮುರಿದಾರೆಂದು ಹೆದರಿದ್ದೆ.

"ನಿಮ್ಮ ನಕ್ಷತ್ರ ಹೇಳಿದ್ರಾ?"

"ಮತ್ತಿನ್ನೇನು ಹೇಳ್ಲಿ? ನಿಮ್ಮಲ್ಲಿ ಇಲ್ವಲ್ಲ."

"ಹಾಗಾದ್ರೆ ನಮ್ಮ ಯಜಮಾನರ ಪಾಲಿನ ಪುಣ್ಯ ನಿಮಗೇ ಬರುತ್ತೆ ಬಿಡಿ. ನಿಮ್ಮ ಮಂಡಿನೋವು ಕಮ್ಮಿ ಆದ್ರೆ ತಿಳಿಸಿ" ಎಂದು ನಕ್ಕರು. ಗಂಡ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ.

ಅವತ್ತೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಇಡ್ಲಿಯನ್ನು ತಟ್ಟೆಯಲ್ಲಿ ಪುಡಿ ಮಾಡುತ್ತ, ಅವರು ಒಂದು ಮಾತು ಹೇಳಿದರು. "ಇವರು ಏಳದೇ ಇದ್ರೆ ನಾನು ನೋಡ್ಕೋತೀನಿ ಕಣ್ರೀ. ಎತ್ತಿ ಇಳಿಸಿ ಮಾಡ್ತೀನಿ, ಅದಕ್ಕೆ ಹೆದರಲ್ಲ. ಇವರು ಉಳೀದೇ ಹೋದ್ರೆ ನನಗೆ ದೇವರು ಉಳೀತಾರಾ ಅನ್ನೋದೇ ಭಯ. ಇಬ್ಬರೂ ಒಟ್ಟಿಗೇ ಹೊರಟುಹೋದ್ರೆ ಏನ್ಮಾಡ್ಲಿ?" ಮನೆಯಲ್ಲಿ ದಿನಾ ದೀಪ ಹಚ್ಚುವ ನಾನು ಅಂಥ ಪ್ರಶ್ನೆಯನ್ನು ಒಂದು ದಿನವೂ ಕೇಳಿಕೊಂಡವಳಲ್ಲ.

ಮನೆಗೆ ಕರೆತಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಯಜಮಾನರ ಅಕ್ಕ ಅರೆಕೆರೆಯಿಂದ ವಾರಕ್ಕೊಮ್ಮೆಯಾದರೂ ಬರುವರು. ಒಳ್ಳೆಯ ಹೆಂಗಸು, ತಮ್ಮನ ಮೇಲೆ ಪ್ರಾಣ. ಆದರೆ ಬಾಯಿ. ಒಂದು ದಿನ ನನ್ನೆದುರಿಗೇ, "ನಿನ್ನ ನಂಬಿಕೇಲಿ ಏನೋ ಕೊರತೆ ಇದೆ ಕಣಮ್ಮ. ಗಟ್ಟಿಯಾಗಿ ನಂಬಿದ್ದಿದ್ರೆ ಇಷ್ಟೊತ್ತಿಗೆ ಅವನು ಎದ್ದು ಓಡಾಡ್ತಿದ್ದ" ಅಂದರು. ನನಗೆ ಮೈಯೆಲ್ಲ ಉರಿಯಿತು. ಮ್ಯಾಥ್ಸ್ ಮಿಸ್ ಮಾತ್ರ ಗಂಡನ ಬಾಯಿ ಒರೆಸುತ್ತಲೇ, "ಇರಬಹುದು ಅಕ್ಕಾ. ನಿಮ್ಮದು ಗಟ್ಟಿ ಇದೆಯಲ್ಲ, ನೀವೇ ಕೇಳಿ. ಎದ್ದರೆ ನನಗೇನು ಬೇಜಾರಿಲ್ಲ" ಅಂದರು. ಅಕ್ಕ ಕಾಫಿ ಕುಡಿಯದೆ ಹೊರಟರು. ಅವರು ಹೋದ ಮೇಲೆ ಇವರು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ನಿಂತುಕೊಂಡರು. ಪಾತ್ರೆ ಒಂದೂ ಇರಲಿಲ್ಲ.

ಈಗ ಒಂದು ಭಾನುವಾರದ ಕತೆ. ಅವರ ಚರ್ಚಿನಲ್ಲಿ ಪ್ರಸಂಗ, ಎಂದರೆ ಉಪದೇಶ, ಮುಗಿದ ಮೇಲೆ ಪಾಸ್ಟರು, "ಸ್ತೋತ್ರ ಹೇಳೋರು ಎದ್ದು ನಿಲ್ಲಿ" ಅನ್ನುತ್ತಾರೆ. ಹೆರಿಗೆ ಆದವರು, ಪರೀಕ್ಷೆ ಪಾಸಾದವರು, ಆಸ್ಪತ್ರೆಯಿಂದ ಗುಣವಾಗಿ ಬಂದವರು ಎದ್ದು ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಕೇಳಿದ್ದು ಸಿಕ್ಕಿದ ಮೇಲೆ ಹೇಳುವುದು ಅಲ್ಲಿನ ಪದ್ಧತಿ. ಎಂದೂ ಏಳದ ಮ್ಯಾಥ್ಸ್ ಮಿಸ್ ಅಂದು ಎದ್ದು, "ನಮ್ಮ ಮನೆಯ ವಿಷಯದಲ್ಲಿ ದೇವರಿಗೆ ಸ್ತೋತ್ರ" ಎಂದಷ್ಟೇ ಹೇಳಿ ಕೂತುಬಿಟ್ಟರಂತೆ. ಇಡೀ ಸಭೆ ಚಪ್ಪಾಳೆ ತಟ್ಟಿತಂತೆ. ಗಂಡನಿಗೆ ಊಟ ಮಾಡಿಸುವ ಹೊತ್ತು ಮೀರುತ್ತದೆಂದು ಇವರು ಆರಾಧನೆ ಮುಗಿಯುವ ಮೊದಲೇ ಆಟೋ ಹತ್ತಿ ಬಂದುಬಿಟ್ಟರು. ಅವರು ಬರುವವರೆಗೆ ಯಜಮಾನರ ಬಳಿ ಕೂತಿದ್ದವಳು ನಾನು.

ನಾವು ರಾಗಿ ಗಂಜಿ ಕುಡಿಸುತ್ತಿದ್ದಾಗ ಗೇಟಿನ ಹತ್ತಿರ ಗದ್ದಲ. ನೋಡಿದರೆ ಅರ್ಧ ಚರ್ಚು ಬಂದು ನಿಂತಿದೆ. ಮುಂದೆ ಪಾಸ್ಟರು, ಅವರ ಕೈಯಲ್ಲಿ ಸುಗಂಧರಾಜದ ಹಾರ. ಹಿಂದೆ ಸೇಬಿನ ಬುಟ್ಟಿ, ಗಿಟಾರು, ಕೇಕಿನ ಡಬ್ಬಿ. ಅರೆಕೆರೆಯ ಅಕ್ಕ ಎಲ್ಲರಿಗಿಂತ ಮುಂದೆ ನುಗ್ಗಿ, "ಎಲ್ಲಿ, ಎಲ್ಲಿ ನನ್ನ ತಮ್ಮ? ನಡೀತಾನಾ?" ಎನ್ನುತ್ತ ಒಳಗೆ ಬಂದರು. ಮಂಚದ ಮೇಲೆ, ದಿಂಬಿಗೆ ಒರಗಿ, ಗಲ್ಲದ ಮೇಲೆ ಗಂಜಿ ಇಳಿಯುತ್ತಿದ್ದ ತಮ್ಮ ಅವರನ್ನು ನೋಡಿ, "ಬನ್ನಿ ಬನ್ನಿ" ಅಂದರು.

ಪಾಸ್ಟರು ಹಾರವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು.

"ಟೀಚರ್, ಸ್ತೋತ್ರ ಹೇಳಿದ್ರಲ್ಲಾ ನೀವು?"

"ಹೇಳ್ದೆ."

"ನಾವು ವಾಸಿ ಆಯ್ತು ಅಂದ್ಕೊಂಡ್ವಿ."

"ವಾಸಿ ಆಯ್ತು ಅಂತ ನಾನು ಎಲ್ಲಿ ಹೇಳ್ದೆ ಪಾಸ್ಟರ್?"

ಅಕ್ಕನಿಗೆ ತಡೆಯಲಾಗಲಿಲ್ಲ. "ಮತ್ತೆ ಯಾತಕ್ಕಮ್ಮಾ ಸ್ತೋತ್ರ? ಇವನು ಹಿಂಗೆ ಬಿದ್ದಿರೋದಕ್ಕಾ?" ಎಂದು ಕಿರುಚಿದರು.

ಮ್ಯಾಥ್ಸ್ ಮಿಸ್ ಗಂಜಿಯ ಬಟ್ಟಲು ಕೆಳಗಿಟ್ಟರು. ಅಷ್ಟು ಜನರೆದುರು ಮಾತಾಡುವುದು ಅವರಿಗೆ ಕಷ್ಟವಾಗುತ್ತಿದ್ದುದು ಕಾಣುತ್ತಿತ್ತು. ಕ್ಲಾಸಿನಲ್ಲಿ ಗುಡುಗುವ ದನಿ ಅಲ್ಲ ಅದು.

"ನಿನ್ನೆ ಸಾಯಂಕಾಲ ನಾನು ದೇವರ ಜೊತೆ ಜಗಳ ಆಡ್ದೆ ಅಕ್ಕಾ. ಬಾಗಿಲು ಹಾಕ್ಕೊಂಡು, ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ಕಣ್ಣಿಲ್ವಾ, ಬಾಗಿಲಲ್ಲಿ ನಿಂತು ನಿನ್ನ ಮನೆಗೆ ಜನಾನ ಕರೀತಿದ್ದ ಮನುಷ್ಯನ್ನ ಹಿಂಗೆ ಮಾಡಿದ್ಯಲ್ಲ ಅಂತ ಅಂದೆ. ಇಲ್ಲಿ ಹೇಳೋಕಾಗಲ್ಲ, ಅಂಥಾ ಮಾತೆಲ್ಲ ಅಂದೆ. ಬೈದು ಬೈದು ಸುಸ್ತಾಗಿ ಇವರ ಕಾಲ ಹತ್ರ ಕೂತ್ಕೊಂಡೆ. ಇನ್ನು ದೇವರು ನನ್ನ ಕಡೆ ತಿರುಗಿ ನೋಡಲ್ಲ ಅಂದ್ಕೊಂಡೆ. ಆದ್ರೆ ಅವರು ಎದ್ದುಹೋಗ್ಲಿಲ್ಲ. ಇಲ್ಲೇ ಇದ್ರು. ಅದು ನನಗೆ ಹೇಗೆ ಗೊತ್ತಾಯ್ತು ಅಂತ ಕೇಳ್ಬೇಡಿ, ಗೊತ್ತಾಯ್ತು. ಅದಕ್ಕೆ ಸ್ತೋತ್ರ ಹೇಳ್ದೆ. ತಪ್ಪಾಗಿದ್ರೆ ಕ್ಷಮಿಸಿ."

ಅಕ್ಕ ಮಂಚದ ತುದಿಯಲ್ಲಿ ಕೂತು ತಮ್ಮನ ಬಿದ್ದುಹೋದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತರು. ಪಾಸ್ಟರಿಗೂ ಪ್ರಸಂಗ ಮಾಡಬೇಕೆನಿಸಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ. ಗಿಟಾರಿನವನು ಮೆಲ್ಲಗೆ ಏನೋ ನುಡಿಸಿದ. ಕೇಕನ್ನು ಎಲ್ಲರೂ ತಿಂದರು. ಮೊಟ್ಟೆ ಹಾಕಿದ್ದಾರೋ ಇಲ್ಲವೋ ಕೇಳುವುದನ್ನು ಮರೆತು ನಾನೂ ತಿಂದೆ.

ಅದಾದ ಮೇಲೆ ಯಜಮಾನರು ಎದ್ದು ಓಡಾಡಿದರು ಎಂದು ಬರೆಯಬೇಕೆಂದು ನನಗೂ ಆಸೆ. ಆಗಲಿಲ್ಲ. ಮ್ಯಾಥ್ಸ್ ಮಿಸ್ ನಿವೃತ್ತಿಯ ದಿನಕ್ಕೆ ಕಾಯದೆ ಕೆಲಸ ಬಿಟ್ಟರು. ಬೆನ್ನು ಹುಣ್ಣಾಗದಂತೆ ಗಂಡನನ್ನು ಹೊರಳಿಸುವುದು, ಕೈಕಾಲು ಮಡಚಿ ಬಿಡಿಸುವುದು, ಇದೇ ದಿನಚರಿ. ನಡುನಡುವೆ ದೇವರ ಜೊತೆ ಜಗಳವೂ ನಡೆಯುತ್ತಿತ್ತು. "ಇವತ್ತು ಬೈದ್ರಾ?" ಎಂದು ಫೋನಿನಲ್ಲಿ ಕೇಳಿದರೆ, "ಬೆಳಿಗ್ಗೇನೇ ಆಯ್ತು" ಅನ್ನುವರು. ಮರುವರ್ಷ ಅವರೆಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಯಜಮಾನರಿಗೆ ನ್ಯುಮೋನಿಯಾ ಆಗಿ, ಒಂದು ಮಧ್ಯಾಹ್ನ ಹೋಗಿಬಿಟ್ಟರು.

ಸಮಾಧಿಯ ಹತ್ತಿರ ಅಕ್ಕ ಎಲ್ಲರಿಗೂ, ತಮ್ಮ ಕೊನೆಗಳಿಗೆಯಲ್ಲಿ ಮೇಲೆ ನೋಡಿ "ಬನ್ನಿ ಕರ್ತನೇ" ಅಂದ ಎಂದು ಹೇಳುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕತೆಯನ್ನು ಹಾಗೇ ಬಿಟ್ಟಿದ್ದರೆ ಯಾರಿಗೇನು ನಷ್ಟವಿತ್ತು? ಮ್ಯಾಥ್ಸ್ ಮಿಸ್ ಬಿಡಲಿಲ್ಲ. ಅಕ್ಕನ ಹೆಗಲು ಹಿಡಿದು, "ಇಲ್ಲ ಅಕ್ಕಾ. ನಾನು ಪಕ್ಕದಲ್ಲೇ ಇದ್ದೆ. ಅವರು ಏನೂ ಹೇಳ್ಲಿಲ್ಲ. ಉಸಿರಾಡೋಕೆ ಕಷ್ಟಪಟ್ರು, ಆಮೇಲೆ ನಿಂತುಹೋಯ್ತು" ಅಂದರು. ಅವರ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ನನಗೆ ಭಯವಾಯಿತು. ಕ್ಯಾಂಟೀನಿನಲ್ಲಿ ಅವರು ಹೆದರಿದ್ದ ಹಾಗೇ ಆಗಿಬಿಟ್ಟಿತೇನೋ ಅನ್ನಿಸಿತು.

ಮುಂದಿನ ವಾರಗಳಲ್ಲಿ ಅವರು ಚರ್ಚಿಗೆ ಹೋಗಲಿಲ್ಲ. ಪಾಸ್ಟರು ಬಂದರೆ ಕಾಫಿ ಕೊಟ್ಟು ಕಳಿಸುವರು. ಒಂದು ಮಧ್ಯಾಹ್ನ ನಾನು ಒಂದಿಷ್ಟು ಅವರೆಕಾಳು ನೆನೆಸಿಕೊಂಡು ಹೋದೆ. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಕಾಳು ಹಿಸುಕತೊಡಗಿದೆವು. ಸ್ವಲ್ಪ ಮುಂಚೆ ಊಟಕ್ಕೆ ಕೂತಾಗ ಅವರು ಕಣ್ಣು ಮುಚ್ಚದೆ ತಟ್ಟೆಗೆ ಕೈಹಾಕಿದ್ದನ್ನು ನಾನು ನೋಡಿದ್ದೆ.

"ಕೇಳ್ಬಾರ್ದು, ಆದ್ರೂ ಕೇಳ್ತೀನಿ" ಅಂದೆ. "ಯಜಮಾನರು ಹೋದ್ರು. ದೇವರು ಉಳಿದ್ರಾ ನಿಮಗೆ?"

ಅವರು ತಲೆ ಎತ್ತಲಿಲ್ಲ. ಬೆರಳುಗಳ ನಡುವೆ ಕಾಳು ಚಿಮ್ಮುತ್ತಲೇ ಇತ್ತು.

"ಪ್ರಾರ್ಥನೆ ಮಾಡಿಲ್ಲ ಕಣ್ರೀ. ಬೈಯೋದೂ ಬಿಟ್ಬಿಟ್ಟೆ. ಮಣ್ಣು ಮಾಡಿ ಬಂದ ದಿನವೇ ದೇವರಿಗೆ ಹೇಳ್ಬಿಟ್ಟೆ, ಇನ್ನು ನನಗೂ ನಿನಗೂ ಮಾತಿಲ್ಲ ಅಂತ."

"ಹಾಗಾದ್ರೆ ಹೋದ್ರು ಅನ್ನಿ."

"ನಾನೂ ಹಾಗೇ ಅಂದ್ಕೊಂಡೆ." ಹಿಸುಕಿದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. "ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಮುಖ ತಿರುಗಿಸ್ಕೋತೀನಿ. ಕಾಫಿ ಕುಡೀವಾಗ, ಸ್ನಾನ ಮಾಡುವಾಗ, ಹೋಗು, ಮಾತಾಡಲ್ಲ ಅಂತ ಅಂದ್ಕೊಂಡೇ ಇರ್ತೀನಿ. ಇವತ್ತು ಬಟ್ಟೆ ಒಣಗಿಹಾಕ್ತಾ ಇದ್ದಕ್ಕಿದ್ದ ಹಾಗೆ ಹೊಳೀತು. ಮನೇಲಿ ಇಲ್ಲದೋರ ಮೇಲೆ ಯಾರಾದ್ರೂ ಇಷ್ಟು ದಿನ ಮುನಿಸ್ಕೊಂಡಿರೋಕೆ ಆಗುತ್ತೇನ್ರೀ?"

ಹೇಳುತ್ತಿದ್ದಂತೆ ಅತ್ತುಬಿಟ್ಟರು. ಸಮಾಧಿಯ ಹತ್ತಿರ ಅಳದವರು, ಅಷ್ಟು ದಿನವೂ ಅಳದವರು, ಬೀದಿಗೆ ಕೇಳುವ ಹಾಗೆ ಅತ್ತರು. ಅವರೆಕಾಳು ಅಂಟಿದ ಕೈಯಲ್ಲೇ ನಾನು ಅವರನ್ನು ಹಿಡಿದುಕೊಂಡೆ. ಅಳುವಿನ ನಡುವೆ ಮಾತೂ ಬರುತ್ತಿತ್ತು. ಯಾಕೆ ಹೀಗೆ ಮಾಡಿದೆ, ಈ ಮನೆಯಲ್ಲಿ ಒಬ್ಬಳೇ ಹೇಗಿರಲಿ, ಅವರನ್ನ ಚೆನ್ನಾಗಿ ನೋಡಿಕೋ, ಅವರಿಗೆ ಚಳಿ ತಡೆಯಲ್ಲ. ನಾನು "ಆಯ್ತು ಮಿಸ್, ಆಯ್ತು" ಎನ್ನುತ್ತ ಅವರ ಬೆನ್ನು ಸವರುತ್ತಿದ್ದೆ. ಅವರು ಮಾತಾಡುತ್ತಿದ್ದುದು ನನ್ನ ಜೊತೆ ಅಲ್ಲ ಎನ್ನುವುದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.